ಮೊದಲು ಯಾವುದು? ಏಕೀಕೃತ ರಾಜ್ಯದ ಆದ್ಯತೆಗಳು ಮತ್ತು ಬಾಗೇವಾಡಿ ಸೀಮೆ

1956ರ ನವೆಂಬರ್ 1ರಂದು ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಬೆಂಗಳೂರಿನಲ್ಲಿ ವಿಶಾಲ ಮೈಸೂರು ರಾಜ್ಯವನ್ನು ಉದ್ಘಾಟಿಸಿದರು. ಜಯಚಾಮರಾಜ ಒಡೆಯರು ರಾಜ್ಯಪಾಲರಾದರು, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಅದುವರೆಗೆ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡಿನ ಬಹುಭಾಗ 19 ಜಿಲ್ಲೆಗಳ ಒಂದೇ ರಾಜ್ಯವಾಯಿತು. ಏಕೀಕರಣದ ಇತಿಹಾಸವನ್ನು ಬರೆದವರೆಲ್ಲ ಈ ದಿನದವರೆಗಿನ ಕಥೆಯನ್ನು ವಿಸ್ತಾರವಾಗಿ ಹೇಳಿದ್ದಾರೆ. ಆಲೂರು ವೆಂಕಟರಾಯರ ಕನಸು, 1924ರ ಬೆಳಗಾವಿ ಅಧಿವೇಶನ, 1953ರಲ್ಲಿ ಅದರಗುಂಚಿ ಶಂಕರಗೌಡರು ಕೈಗೊಂಡ ಉಪವಾಸ, ಫಜಲ್ ಅಲಿ ಆಯೋಗದ ವರದಿ, ಇವೆಲ್ಲ ಶಾಲೆಯ ಮಕ್ಕಳಿಗೂ ಗೊತ್ತು. ನವೆಂಬರ್ 2ರ ಬೆಳಗಿನ ಕಥೆ ಮಾತ್ರ ಅಷ್ಟಾಗಿ ಬರೆಯಲ್ಪಟ್ಟಿಲ್ಲ. ರಾಜ್ಯ ಬಂತು, ಇನ್ನು ಮೊದಲು ಮಾಡಬೇಕಾದದ್ದು ಯಾವುದು? ಈ ಪ್ರಶ್ನೆಗೆ ಸರಕಾರ ಕೊಟ್ಟ ಉತ್ತರದಲ್ಲಿ ವಿಜಾಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಮುಂದಿನ ಅರ್ಧ ಶತಮಾನದ ಬದುಕು ಅಡಗಿತ್ತು.

ರಾಜ್ಯವೆಂಬುದು ಯಾತಕ್ಕೆ ಎಂಬ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. ಹತ್ತನೆಯ ಶತಮಾನದ ಜೈನಾಚಾರ್ಯ ಸೋಮದೇವಸೂರಿ ತನ್ನ ‘ನೀತಿವಾಕ್ಯಾಮೃತ’ದ ಮೊದಲ ಸೂತ್ರದಲ್ಲಿಯೇ ರಾಜ್ಯಕ್ಕೆ ನಮಸ್ಕರಿಸುತ್ತಾನೆ. ಆ ನಮಸ್ಕಾರಕ್ಕೆ ಅವನು ಕೊಡುವ ಕಾರಣ ರಾಜ್ಯದ ಫಲ: ಅದು ಜನರಿಗೆ ಧರ್ಮ, ಅರ್ಥ, ಕಾಮಗಳನ್ನು ದೊರಕಿಸಿಕೊಡುತ್ತದೆ. ಇದರ ಅರ್ಥ ಸ್ಪಷ್ಟವಿದೆ. ರಾಜ್ಯವು ಮರವಾದರೆ ಅದರ ಬೆಲೆ ಹಣ್ಣಿನಲ್ಲಿದೆ. ಇದಾದ ಎರಡು ಶತಮಾನಗಳ ಮೇಲೆ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಬಿಜ್ಜಳನ ಆಡಳಿತದಲ್ಲಿ ಭಂಡಾರಿಯಾಗಿದ್ದರೆಂದು ಪರಂಪರೆ ಹೇಳುತ್ತದೆ. ಭಂಡಾರದ ಲೆಕ್ಕ ಹಿಡಿದವನಿಗೆ ಒಂದು ಸತ್ಯ ಬೇಗ ತಿಳಿಯುತ್ತದೆ: ಎಲ್ಲ ಬೇಡಿಕೆಗಳೂ ನ್ಯಾಯವಾದವೇ ಇರಬಹುದು, ಆದರೆ ಹಣ ಒಂದರ ಹಿಂದೆ ಒಂದರಂತೆ ಮಾತ್ರ ಹೊರಡುತ್ತದೆ. ಆ ಸರದಿಯೇ ಆದ್ಯತೆ.

ಹೊಸ ಅಧಿಕಾರ ಕೈಗೆ ಬಂದ ಕೂಡಲೇ ಈ ಸರದಿಯ ಪ್ರಶ್ನೆ ಎದುರಾಗುವುದು ಕನ್ನಡ ನಾಡಿಗಷ್ಟೇ ಸೀಮಿತವಾದ ಸಂಗತಿಯಲ್ಲ. ಅದೇ ಕಾಲದಲ್ಲಿ ಕೆರಿಬಿಯನ್ ಸಮುದ್ರದ ದ್ವೀಪಗಳಲ್ಲಿಯೂ ಇಂಥ ಪ್ರಯೋಗಗಳು ನಡೆದಿದ್ದವು. 1954ರ ಡಿಸೆಂಬರಿನಲ್ಲಿ ಡಚ್ ಆಂಟಿಲೀಸ್ ದ್ವೀಪಗಳಿಗೆ ನೆದರ್ಲೆಂಡ್ಸ್ ರಾಜ್ಯದೊಳಗೇ ಸ್ವಾಯತ್ತತೆ ಬಂತು. 1958ರ ಜನವರಿಯಲ್ಲಿ ಬ್ರಿಟಿಷರ ಹತ್ತು ವಸಾಹತುಗಳು ಸೇರಿ ವೆಸ್ಟ್ ಇಂಡೀಸ್ ಒಕ್ಕೂಟವನ್ನು ಕಟ್ಟಿಕೊಂಡವು. ದೊಡ್ಡ ದ್ವೀಪದ ತೆರಿಗೆ ಸಣ್ಣ ದ್ವೀಪಕ್ಕೆ ಹೋಗುವುದೇ, ಜನರ ಸಂಚಾರಕ್ಕೆ ಮಿತಿ ಇರಬೇಕೇ ಎಂಬ ಜಗಳದಲ್ಲಿ ಜಮೈಕಾ 1961ರ ಜನಮತಗಣನೆಯ ಮೂಲಕ ಹೊರನಡೆಯಿತು. 1962ರ ಮೇ ತಿಂಗಳಿಗೆ ಒಕ್ಕೂಟವೇ ಮುಗಿಯಿತು. ಡಚ್ ಆಂಟಿಲೀಸ್ ಕೂಡ 2010ರ ಅಕ್ಟೋಬರ್ 10ರಂದು ವಿಸರ್ಜನೆಗೊಂಡು, ಕ್ಯುರಸಾವ್ ಮತ್ತು ಸಿಂಟ್ ಮಾರ್ಟೆನ್ ಪ್ರತ್ಯೇಕ ಸ್ವಾಯತ್ತ ದೇಶಗಳಾದವು. ಅವುಗಳ ಹಳೆಯ ಸಾಲದ ದೊಡ್ಡ ಪಾಲನ್ನು ನೆದರ್ಲೆಂಡ್ಸ್ ವಹಿಸಿಕೊಂಡಿತು. ಪ್ರತಿಯಾಗಿ ಅವುಗಳ ಮುಂಗಡಪತ್ರದ ಮೇಲೆ ಮೇಲ್ವಿಚಾರಣಾ ಮಂಡಳಿಯೊಂದು ಬಂದು ಕುಳಿತಿತು. ಈ ಉದಾಹರಣೆಗಳಿಂದ ಎರಡು ಮಾತು ಹೊಳೆಯುತ್ತವೆ. ಒಂದು, ಕೂಡಿ ಬಂದವರು ಕೂಡಿಯೇ ಇರುತ್ತಾರೆಂಬ ಭರವಸೆ ಇಲ್ಲ, ಅದಕ್ಕಾಗಿ ದುಡಿಯಬೇಕು. ಎರಡು, ಆದ್ಯತೆಯ ಪಟ್ಟಿಯನ್ನು ಬರೆಯುವ ಕೈ ಒಂದಾದರೆ ಥೈಲಿಯ ಬಾಯಿ ಬಿಚ್ಚುವ ಕೈ ಇನ್ನೊಂದಾಗಿರಬಹುದು. ಭಾರತ ಒಕ್ಕೂಟದ ಒಂದು ಘಟಕವಾದ ಹೊಸ ಮೈಸೂರಿಗೂ ಈ ಎರಡೂ ಮಾತು ಅನ್ವಯಿಸುತ್ತವೆ.

ಮುಂಬಯಿ ಪ್ರಾಂತದಿಂದ ನಾಲ್ಕು ಜಿಲ್ಲೆಗಳು ಬಂದವು: ವಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡ. ಅವುಗಳಲ್ಲಿ ಅತಿ ಹೆಚ್ಚು ಒಣಗಿದ್ದು ವಿಜಾಪುರ. ಕೃಷ್ಣೆ, ಭೀಮೆ, ಡೋಣಿ, ಘಟಪ್ರಭೆ, ಮಲಪ್ರಭೆ ಎಂಬ ಐದು ಹೊಳೆಗಳು ಅಂದಿನ ಜಿಲ್ಲೆಯಲ್ಲಿ ಹರಿಯುತ್ತಿದ್ದವು. ಆದರೂ ಎರೆಭೂಮಿಯ ಒಕ್ಕಲಿಗ ಮುಗಿಲಿಗೆ ಮುಖ ಮಾಡಿಯೇ ಬದುಕಬೇಕಾಗಿತ್ತು. ಹಿಂಗಾರಿ ಮಳೆ ಹಿಡಿದರೆ ಬಿಳಿಜೋಳ, ಕಡಲೆ, ಕುಸುಬಿ, ಹಿಡಿಯದಿದ್ದರೆ ಗುಳೆ. ಡೋಣಿ ತುಂಬಿ ಹರಿದರೆ ಕೇರಿಗೆಲ್ಲ ಜೋಳವೆಂಬ ಅರ್ಥದ ಗಾದೆ ಈ ಭಾಗದಲ್ಲಿ ಹುಟ್ಟಿದ್ದು ಸಂತೋಷಕ್ಕಿಂತ ಹೆಚ್ಚಾಗಿ ಆತಂಕದಿಂದ. 1791-92ರ ಬರವನ್ನು ಜನ ‘ಡೋಗಿ ಬರ’ ಎಂದು ಕರೆದರು. ಸತ್ತವರ ತಲೆಬುರುಡೆಗಳು ಹೊಲಗಳಲ್ಲಿ ಬೆಳ್ಳಗೆ ಬಿದ್ದಿದ್ದವೆಂಬುದು ಆ ಹೆಸರಿನ ಹಿಂದಿನ ನೆನಪು. 1876-78ರ ಬರದ ನಂತರ ನಡೆದ ಜನಗಣತಿಯಲ್ಲಿ, ಆಗ ಕಲಾದಗಿ ಜಿಲ್ಲೆಯೆಂಬ ಹೆಸರಿದ್ದ ಈ ಪ್ರದೇಶದ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಪಾಲು ಕಾಣೆಯಾಗಿತ್ತು.

ಆದುದರಿಂದ ಏಕೀಕರಣವೆಂದರೆ ಇಲ್ಲಿಯ ಜನಕ್ಕೆ ಭಾಷೆಯ ಅಭಿಮಾನದೊಡನೆ ನೀರಿನ ಆಸೆಯೂ ಆಗಿತ್ತು. ಈ ಎರಡನ್ನೂ ಒಟ್ಟಿಗೆ ಹೊತ್ತ ವ್ಯಕ್ತಿತ್ವವೆಂದರೆ ವಚನ ಪಿತಾಮಹ ಫ.ಗು. ಹಳಕಟ್ಟಿಯವರದು. ವಿಜಾಪುರದಲ್ಲಿ ವಕೀಲರಾಗಿದ್ದ ಅವರು 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆಗೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಗೂ ಕಾರಣರಾದರು. 1926ರಲ್ಲಿ ‘ಶಿವಾನುಭವ’ವನ್ನೂ ಮರುವರ್ಷ ‘ನವಕರ್ನಾಟಕ’ವನ್ನೂ ಹೊರಡಿಸಿದರು. ಶಾಲೆ, ಸಾಲ, ಸಾಹಿತ್ಯ, ಬರಪರಿಹಾರ ಇವೆಲ್ಲ ಅವರ ದೃಷ್ಟಿಯಲ್ಲಿ ಒಂದೇ ಕೆಲಸದ ಅಂಗಗಳಾಗಿದ್ದವು. ಮುಂಬಯಿಯಿಂದ ದೂರ, ಪುಣೆಯ ಮರಾಠಿ ಆಡಳಿತವರ್ಗದಿಂದ ದೂರ ಎಂದು ನೊಂದಿದ್ದ ಜಿಲ್ಲೆಗೆ ಬೆಂಗಳೂರೂ ಹತ್ತಿರವೇನೂ ಆಗಿರಲಿಲ್ಲ. ಭಾಷೆ ಒಂದಾದರೆ ಕೂಗು ಕೇಳಿಸೀತು ಎಂಬ ನಂಬಿಕೆ ಮಾತ್ರ ಇತ್ತು.

ಆ ಕಡೆ ಹಳೆಯ ಮೈಸೂರಿನಲ್ಲಿ ಈ ಕೂಡುವಿಕೆಯ ಬಗ್ಗೆ ಹಿಂಜರಿಕೆ ಇದ್ದದ್ದು ಮುಚ್ಚಿಟ್ಟ ವಿಷಯವಲ್ಲ. ಉತ್ತರದ ಜಿಲ್ಲೆಗಳು ಸೇರಿದರೆ ಆರ್ಥಿಕ ಹೊರೆ ಎಷ್ಟಾದೀತೆಂದು ತಿಳಿಯಲು ಮೈಸೂರು ಸರಕಾರ ಎಂ. ಶೇಷಾದ್ರಿಯವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನೇ ನೇಮಿಸಿತ್ತು. ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ತಮ್ಮ ಪ್ರದೇಶದ ಅನೇಕರ ವಿರೋಧವನ್ನು ಎದುರಿಸಿ ಏಕೀಕರಣದ ಪರ ನಿಂತರು. ಹೀಗೆ ಒಂದು ಕಡೆ ಹೊರೆಯಾದೀತೆಂಬ ಅಳುಕು, ಇನ್ನೊಂದು ಕಡೆ ಮಲತಾಯಿಯ ಮನೆ ಆದೀತೆಂಬ ಅಳುಕು. ಈ ಎರಡು ಅಳುಕುಗಳ ನಡುವೆ ನಿಜಲಿಂಗಪ್ಪನವರ ಸರಕಾರ ಕೆಲಸಕ್ಕೆ ಕುಳಿತಿತು.

ಅದರ ಮೇಜಿನ ಮೇಲೆ ಮೊದಲು ಬಂದದ್ದು ನೀರಿನ ಕಡತವೂ ಅಲ್ಲ, ಭೂಮಿಯ ಕಡತವೂ ಅಲ್ಲ. ರಾಜ್ಯವು ತಾನು ಒಂದಾಗುವ ಕೆಲಸವೇ ಎಲ್ಲಕ್ಕಿಂತ ಮೊದಲು ಬಂತು. ಇದು ಹೇಳುವುದಕ್ಕೆ ಸುಲಭ. ಆದರೆ ಆಗಿನ ಸ್ಥಿತಿಯನ್ನು ನೋಡಿದರೆ ಆ ಕೆಲಸದ ಗಾತ್ರ ತಿಳಿಯುತ್ತದೆ. ತಾಲ್ಲೂಕಿನ ಕಂದಾಯದ ಅಧಿಕಾರಿ ಬಾಗೇವಾಡಿಯಲ್ಲಿ ಮಾಮಲೇದಾರ, ಹಳೆಯ ಮೈಸೂರಿನಲ್ಲಿ ಅಮಲ್ದಾರ, ಕಲಬುರ್ಗಿಯಲ್ಲಿ ತಹಶೀಲ್ದಾರ. ಊರಿನ ಲೆಕ್ಕ ಬರೆಯುವವನು ಮೈಸೂರಿನಲ್ಲಿ ಶಾನುಭೋಗ, ಹೈದರಾಬಾದ್ ಭಾಗದಲ್ಲಿ ಪಟವಾರಿ. ಮುಂಬಯಿ ಭಾಗದಲ್ಲಿ ಕುಲಕರ್ಣಿ ವತನವನ್ನು 1950ರ ಕಾಯ್ದೆಯಿಂದ ತೆಗೆದುಹಾಕಿ ಸಂಬಳದ ತಲಾಟಿಯನ್ನು ತರಲಾಗಿತ್ತು. ಕಡತಗಳು ಒಂದು ಕಡೆ ಮರಾಠಿಯ ಛಾಯೆಯ ಕನ್ನಡದಲ್ಲಿ, ಒಂದು ಕಡೆ ಉರ್ದುವಿನ ಪಾರಿಭಾಷಿಕಗಳಲ್ಲಿ, ಮತ್ತೊಂದು ಕಡೆ ಅಚ್ಚ ಇಂಗ್ಲಿಷಿನಲ್ಲಿ ಇದ್ದವು. ನೆಲ ಅಳೆಯುವುದು ಕೆಲವೆಡೆ ಗುಂಟೆಯಲ್ಲಾದರೆ ಮದರಾಸಿನಿಂದ ಬಂದ ದಕ್ಷಿಣ ಕನ್ನಡದಲ್ಲಿ ಸೆಂಟ್ಸಿನಲ್ಲಿ. ಮುಂಬಯಿ ಭಾಗದ ಹುಡುಗ ಮುಲ್ಕಿ ಪರೀಕ್ಷೆಗೆ ಕೂಡುತ್ತಿದ್ದ. ಆ ಹೆಸರೇ ಮೈಸೂರಿನ ಹುಡುಗನಿಗೆ ಅಪರಿಚಿತ. ಮುಂಬಯಿಯ 1949ರ ಪಾನನಿರೋಧ ಕಾಯ್ದೆ ವಿಜಾಪುರ ಜಿಲ್ಲೆಯಲ್ಲಿ ಜಾರಿಯಲ್ಲಿತ್ತು. ಸಿಂದಗಿಯ ಗಡಿ ದಾಟಿ ಹೈದರಾಬಾದ್ ಭಾಗದ ಹಳ್ಳಿಗೆ ಕಾಲಿಟ್ಟರೆ ಅದು ಇರಲಿಲ್ಲ. ಒಂದೇ ರಾಜ್ಯದ ಎರಡು ಪಕ್ಕದ ಹಳ್ಳಿಗಳಲ್ಲಿ ಒಂದೇ ಕೃತ್ಯ ಒಂದೆಡೆ ಅಪರಾಧ, ಒಂದೆಡೆ ವ್ಯಾಪಾರ.

ರಾಜ್ಯ ಪುನರ್ವಿಂಗಡಣೆ ಕಾಯ್ದೆಯು ಹೊಸ ಶಾಸನ ಬರುವವರೆಗೆ ಆಯಾ ಪ್ರದೇಶದ ಹಳೆಯ ಶಾಸನಗಳೇ ನಡೆಯಲೆಂದು ಹೇಳಿತ್ತು. ಹೀಗಾಗಿ ಶಾಸನಸಭೆ ಒಂದೊಂದಾಗಿ ಐದು ಕಾಯ್ದೆಗಳನ್ನು ಒಂದು ಮಾಡುತ್ತ ಹೋಗಬೇಕಾಯಿತು. 1959ರಲ್ಲಿ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ, 1961ರಲ್ಲಿ ಗ್ರಾಮಾಧಿಕಾರಗಳ ರದ್ದತಿ ಮತ್ತು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯ್ದೆಗಳು, 1963ರಲ್ಲಿ ಕನ್ನಡವನ್ನು ಆಡಳಿತ ಭಾಷೆಯೆಂದು ಸಾರಿದ ಕಾಯ್ದೆ ಬಂದವು. ಐದು ಕಡೆಯಿಂದ ಬಂದ ನೌಕರರ ಜ್ಯೇಷ್ಠತಾ ಪಟ್ಟಿಯನ್ನು ಒಂದು ಮಾಡುವುದಂತೂ ವರ್ಷಗಟ್ಟಲೆ ನ್ಯಾಯಾಲಯಗಳ ಮೆಟ್ಟಿಲು ಹತ್ತಿದ ವಿವಾದವಾಯಿತು. ವೆಸ್ಟ್ ಇಂಡೀಸ್ ಒಕ್ಕೂಟ ನಾಲ್ಕೇ ವರ್ಷಗಳಲ್ಲಿ ಒಡೆದುಹೋದ ಅದೇ ಅವಧಿಯಲ್ಲಿ ವಿಶಾಲ ಮೈಸೂರು ನಿಂತಿತೆಂದರೆ ಈ ಸದ್ದಿಲ್ಲದ ಕೆಲಸದ ಪಾಲು ಅದರಲ್ಲಿ ದೊಡ್ಡದು. ಅದನ್ನು ಮಾಡಿದವರ ಹೆಸರುಗಳು ಯಾವ ಮೆರವಣಿಗೆಯಲ್ಲಿಯೂ ಬರುವುದಿಲ್ಲ.

ಆದರೆ ಏಕರೂಪತೆಗೆ ಒಂದು ಬೆಲೆ ಇತ್ತು. ಆ ಬೆಲೆಯನ್ನು ತೆತ್ತವರಲ್ಲಿ ಮುಂಬಯಿ ಭಾಗದ ಗೇಣಿದಾರರು ಮುಂಚೂಣಿಯಲ್ಲಿದ್ದರು. ಮುಂಬಯಿ ಸರಕಾರ 1948ರಲ್ಲಿಯೇ ಗೇಣಿ ಕಾಯ್ದೆಯನ್ನು ತಂದಿತ್ತು. 1956ರಲ್ಲಿ ಅದಕ್ಕೆ ಮಹತ್ವದ ತಿದ್ದುಪಡಿಯಾಗಿ, 1957ರ ಏಪ್ರಿಲ್ 1ನ್ನು ‘ಉಳುವವನ ದಿನ’ವೆಂದು ಗೊತ್ತುಮಾಡಲಾಯಿತು. ಆ ದಿನದಂದು ಗೇಣಿದಾರ ತಾನು ಉಳುವ ಹೊಲವನ್ನು ಕೊಂಡುಕೊಂಡಂತೆ ಎಂದು ಕಾಯ್ದೆಯೇ ಭಾವಿಸುತ್ತಿತ್ತು. ಬೆಲೆಯನ್ನು ಆತ ಕಂತುಗಳಲ್ಲಿ ಕಟ್ಟಬಹುದಿತ್ತು. ಆದರೆ ಆ ಏಪ್ರಿಲ್ ಬರುವ ಐದು ತಿಂಗಳು ಮೊದಲೇ ವಿಜಾಪುರ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಬಂದಿತ್ತು. ಹೊಸ ಸರಕಾರ, ಐದೂ ಭಾಗಗಳಿಗೆ ಒಂದೇ ಭೂಸುಧಾರಣೆಯ ಕಾಯ್ದೆ ಬರಲಿ ಎಂಬ ಕಾರಣದಿಂದ, ಮುಂಬಯಿ ಕಾಯ್ದೆಯ ಮುಖ್ಯ ವಿಧಿಗಳನ್ನು 1957ರಲ್ಲಿ ತಡೆಹಿಡಿಯಿತು. ಭೀಮೆಯ ಆಚೆ ದಂಡೆಯ ಸೊಲ್ಲಾಪುರ ಜಿಲ್ಲೆಯ ಗೇಣಿದಾರನಿಗೆ ಒಡೆತನದ ದಿನ ಬಂತು. ಈಚೆ ದಂಡೆಯ ಇಂಡಿಯ ಗೇಣಿದಾರನಿಗೆ ಬರಲಿಲ್ಲ. ನಾಡು ಒಂದಾದುದರ ಸಂತೋಷದಲ್ಲಿ ಅವನೂ ಪಾಲುಗಾರನೇ. ಆದರೆ ಹೊಲ ಮಾತ್ರ ಇನ್ನೊಬ್ಬನ ಹೆಸರಿನಲ್ಲಿ ಉಳಿಯಿತು.

ಇದನ್ನು ಕೇವಲ ಭೂಮಾಲೀಕರ ಪಿತೂರಿಯೆಂದು ನೋಡುವುದು ಸರಳೀಕರಣವಾಗುತ್ತದೆ. ಒಂದು ರಾಜ್ಯದಲ್ಲಿ ಒಂದೇ ಕಾಯ್ದೆ ಇರಬೇಕೆಂಬ ವಾದದಲ್ಲಿ ಹುರುಳಿತ್ತು. ಅದಕ್ಕಾಗಿ 1957ರಲ್ಲಿ ನೇಮಕವಾದ ಸಮಿತಿಯ ಅಧ್ಯಕ್ಷರು ಬಿ.ಡಿ. ಜತ್ತಿಯವರು. ವಿಜಾಪುರ ಜಿಲ್ಲೆಯ ಸಾವಳಗಿಯವರಾದ ಅವರು ಸಂಸ್ಥಾನ ಕಾಲದ ಜಮಖಂಡಿಯ ಮುಖ್ಯಮಂತ್ರಿಯಾಗಿದ್ದವರು. 1948ರ ವಿಲೀನದ ನಂತರ ಮುಂಬಯಿ ಸರಕಾರದಲ್ಲಿ ದುಡಿದವರು. ಗೇಣಿಯ ಸಮಸ್ಯೆಯ ಒಳಹೊರಗು ಅವರಿಗೆ ತಿಳಿದಿತ್ತು. ಸಮಿತಿ ಅದೇ ವರ್ಷ ವರದಿ ಒಪ್ಪಿಸಿತು. 1958ರ ಮೇ ತಿಂಗಳಲ್ಲಿ ಅವರೇ ಮುಖ್ಯಮಂತ್ರಿಗಳಾದರು. ಅಷ್ಟಾದರೂ ಭೂಸುಧಾರಣೆ ಕಾಯ್ದೆಯನ್ನು ಶಾಸನಸಭೆ ಒಪ್ಪಿದ್ದು 1961ರಲ್ಲಿ, ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಗೇಣಿ ಪದ್ಧತಿಯನ್ನು ಬೇರುಸಹಿತ ಕಿತ್ತ ದೇವರಾಜ ಅರಸರ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. 1957ರ ಏಪ್ರಿಲಿನಿಂದ ಲೆಕ್ಕ ಹಾಕಿದರೆ ಹದಿನೇಳು ವರ್ಷ. ಒಬ್ಬ ಗೇಣಿದಾರನ ದುಡಿಮೆಯ ಆಯುಷ್ಯದಲ್ಲಿ ಇದು ಅರ್ಧದಷ್ಟು. ಕಾಯ್ದೆ ತಡವಾದಲ್ಲೆಲ್ಲ ಗೇಣಿದಾರರಿಂದ ‘ಸ್ವಇಚ್ಛೆಯ ರಾಜೀನಾಮೆ’ ಬರೆಸಿಕೊಂಡು ಹೊಲ ಬಿಡಿಸುವುದು ದೇಶದ ಎಲ್ಲೆಡೆ ನಡೆದ ವ್ಯವಹಾರ. ಕಾಯುವ ಕಾಲ ಎಂದರೆ ಬರಿದೇ ಕಳೆದ ಕಾಲವಲ್ಲ. ಬಲವುಳ್ಳವನಿಗೆ ಅದು ಸಿದ್ಧತೆಯ ಕಾಲ.

ಸ್ಥಳೀಯ ಆಡಳಿತದಲ್ಲಿಯೂ ಇಂಥದೇ ಒಂದು ಸಂಗತಿ ಕಾಣುತ್ತದೆ. ಮುಂಬಯಿ ಭಾಗದಲ್ಲಿ ಜಿಲ್ಲಾ ಲೋಕಲ್ ಬೋರ್ಡುಗಳು ಚುನಾಯಿತ ಸಂಸ್ಥೆಗಳಾಗಿ ಬೇರುಬಿಟ್ಟಿದ್ದವು. ಪ್ರಾಥಮಿಕ ಶಾಲೆಗಳಿಗೆ ಜಿಲ್ಲಾ ಶಾಲಾ ಮಂಡಳಿಗಳಿದ್ದವು. 1959ರ ಕಾಯ್ದೆಯಲ್ಲಿ ಚುನಾಯಿತ ಅಧಿಕಾರ ತಾಲ್ಲೂಕಿನ ಹಂತಕ್ಕೆ ಬಂದು ನಿಂತಿತು. ಜಿಲ್ಲೆಯ ಹಂತದಲ್ಲಿ ಉಳಿದದ್ದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಅಭಿವೃದ್ಧಿ ಪರಿಷತ್ತು, ಅದೂ ಸಲಹೆ ಕೊಡುವುದಕ್ಕೆ. ಬಾಗೇವಾಡಿಯ ರೈತ ತನ್ನ ಊರಿನ ರಸ್ತೆಯ ಬಗ್ಗೆ ವಿಜಾಪುರದಲ್ಲಿ ಜಗಳ ತೆಗೆಯಬಹುದಾಗಿದ್ದ ವೇದಿಕೆ ಕಿರಿದಾಯಿತು. ಬೆಂಗಳೂರಿನ ದಾರಿ ಮಾತ್ರ ಮೊದಲಿನಷ್ಟೇ ಉದ್ದ ಉಳಿಯಿತು.

ಇನ್ನು ನೀರು. ರಾಜ್ಯವೊಂದರ ಆದ್ಯತೆಯನ್ನು ಅಗತ್ಯವೊಂದೇ ತೀರ್ಮಾನಿಸುವುದಿಲ್ಲ ಎಂಬುದಕ್ಕೆ ಕೃಷ್ಣೆಯ ಕಥೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1956ರಲ್ಲಿ ಹೊಸ ಸರಕಾರದ ಮುಂದೆ ಅರ್ಧಕ್ಕೆ ನಿಂತ ಕೆಲಸಗಳು ಹಲವಿದ್ದವು. ಭದ್ರಾ ಯೋಜನೆ 1947ರಲ್ಲಿಯೇ ಪ್ರಾರಂಭವಾಗಿತ್ತು. ತುಂಗಭದ್ರೆಯ ನೀರು 1953ರಲ್ಲಿ ಹರಿಯತೊಡಗಿದ್ದರೂ ಕಾಲುವೆಗಳ ಕೆಲಸ ಉಳಿದಿತ್ತು. ಶರಾವತಿ ಕಣಿವೆಯ ವಿದ್ಯುತ್ ಯೋಜನೆ ಸಿದ್ಧವಾಗಿತ್ತು. ಕೈಗಾರಿಕೆಗೆ ವಿದ್ಯುತ್ತು, ವಿದ್ಯುತ್ತಿನಿಂದ ವರಮಾನ ಎಂಬ ಲೆಕ್ಕ ಸುಲಭವಾಗಿ ಕೂಡುತ್ತಿತ್ತು. ಮುಂಬಯಿ ಕಾಲದಿಂದ ಬಂದ ಘಟಪ್ರಭಾ ಎಡದಂಡೆ ಕಾಲುವೆಯೂ ನಡೆದಿತ್ತು. ನಕ್ಷೆ, ಅಂದಾಜುಪತ್ರ, ಯೋಜನಾ ಆಯೋಗದ ಒಪ್ಪಿಗೆ ಇವೆಲ್ಲ ಯಾರ ಕೈಯಲ್ಲಿದ್ದವೋ ಅವರ ಕೆಲಸ ಮುಂದೆ ಸಾಗಿತು. ವಿಜಾಪುರ ಜಿಲ್ಲೆ ಸರದಿಯಲ್ಲಿ ನಿಂತಾಗ ಅದರ ಕೈಯಲ್ಲಿ ಬರಗಾಲದ ನೆನಪಿತ್ತು. ಒಪ್ಪಿಗೆಯಾದ ಯೋಜನೆಯ ಕಾಗದವಿರಲಿಲ್ಲ.

ಜೊತೆಗೆ ಕೃಷ್ಣೆ ಒಂದು ರಾಜ್ಯದ ಹೊಳೆಯಾಗಿರಲಿಲ್ಲ. 1951ರ ಜುಲೈನಲ್ಲಿ ಯೋಜನಾ ಆಯೋಗ ಕರೆದ ಸಭೆಯಲ್ಲಿ ಕೃಷ್ಣೆಯ ನೀರನ್ನು ಮುಂಬಯಿ, ಹೈದರಾಬಾದ್, ಮದರಾಸು, ಮೈಸೂರುಗಳಿಗೆ ಹಂಚಲಾಗಿತ್ತು. ಮೈಸೂರು ಆ ಒಪ್ಪಂದವನ್ನು ಒಪ್ಪಿರಲಿಲ್ಲ. 1956ರಲ್ಲಿ ಗಡಿಗಳೇ ಬದಲಾದ ಮೇಲೆ ಹಳೆಯ ಹಂಚಿಕೆಯ ಆಧಾರವೇ ಕುಸಿಯಿತು. ಅಷ್ಟರಲ್ಲಿ ಕೆಳದಂಡೆಯಲ್ಲಿ ನಾಗಾರ್ಜುನ ಸಾಗರಕ್ಕೆ ನೆಹರೂ ಅವರು 1955ರ ಡಿಸೆಂಬರ್ 10ರಂದು ಅಡಿಗಲ್ಲು ಇಟ್ಟಾಗಿತ್ತು. ಮೇಲ್ದಂಡೆಯಲ್ಲಿ ಕೊಯ್ನಾ ಯೋಜನೆಯ ಕೆಲಸ ನಡೆದಿತ್ತು. ನಡುವಿನ ಹರಹು ವಿಜಾಪುರ ಜಿಲ್ಲೆಯದು. 1960ರ ಅಂತರರಾಜ್ಯ ಸಭೆಯೂ ಫಲ ಕೊಡಲಿಲ್ಲ. ಮರುವರ್ಷ ಗುಲ್ಹಾಟಿ ಆಯೋಗ ಬಂತು. 1963ರ ಮಾರ್ಚಿನಲ್ಲಿ ಕೇಂದ್ರ ನೀರಾವರಿ ಸಚಿವ ಹಫೀಜ್ ಮಹಮ್ಮದ್ ಇಬ್ರಾಹಿಂ ಅವರು ಲೋಕಸಭೆಯಲ್ಲಿ ಮೈಸೂರಿಗೆ 600, ಮಹಾರಾಷ್ಟ್ರಕ್ಕೆ 400, ಆಂಧ್ರಕ್ಕೆ 800 ಟಿ.ಎಂ.ಸಿ. ಎಂಬ ತಾತ್ಕಾಲಿಕ ಹಂಚಿಕೆಯನ್ನು ಪ್ರಕಟಿಸಿದರು. ಆ ಬಳಿಕವೇ ಕೃಷ್ಣಾ ಮೇಲ್ದಂಡೆ ಯೋಜನೆಯ ಬಾಗಿಲು ತೆರೆಯಿತು.

ಅಡಿಗಲ್ಲು ಬಿದ್ದದ್ದು ಅಂದಿನ ಬಸವನ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ, 1964ರ ಮೇ 22ರಂದು, ಲಾಲ್ ಬಹಾದ್ದೂರ್ ಶಾಸ್ತ್ರಿಗಳ ಕೈಯಿಂದ. ಐದು ದಿನಗಳ ಮೇಲೆ ನೆಹರೂ ತೀರಿಕೊಂಡರು. ಮುಂದಿನ ತಿಂಗಳು ಶಾಸ್ತ್ರಿಗಳು ಪ್ರಧಾನಮಂತ್ರಿಗಳಾದರು. ಅದೇ ಜೂನ್ 29ರಂದು ವಿಜಾಪುರದಲ್ಲಿ ಹಳಕಟ್ಟಿಯವರೂ ನಿಧನರಾದರು. ಬರದ ನಾಡಿನಲ್ಲಿ ಅರ್ಧ ಶತಮಾನ ದುಡಿದ ಆ ಹಿರಿಯರ ಆಯುಷ್ಯ ಅಡಿಗಲ್ಲಿನವರೆಗೆ ಬಂದು ನಿಂತಿತು.

ಈ ವಿಳಂಬವನ್ನು ‘ದಕ್ಷಿಣದವರು ಉತ್ತರದವರಿಗೆ ಮಾಡಿದ ಅನ್ಯಾಯ’ ಎಂಬ ಒಂದೇ ಸೂತ್ರದಲ್ಲಿ ಹೇಳುವ ರೂಢಿಯಿದೆ. ಆದರೆ ಇತಿಹಾಸದ ವಿವರ ಅದಕ್ಕೆ ಪೂರ್ತಿ ಒಗ್ಗುವುದಿಲ್ಲ. 1958ರಿಂದ 1962ರವರೆಗೆ ಮುಖ್ಯಮಂತ್ರಿಯಾಗಿದ್ದ ಜತ್ತಿಯವರು ಇದೇ ಜಿಲ್ಲೆಯವರು. ಅವರ ನಂತರ ಸುಮಾರು ಮೂರು ತಿಂಗಳು ಆ ಪೀಠದಲ್ಲಿದ್ದ ಎಸ್.ಆರ್. ಕಂಠಿಯವರೂ ಇದೇ ಜಿಲ್ಲೆಯವರು. ಅದಕ್ಕೂ ಮೊದಲು ಅವರು ವಿಧಾನಸಭೆಯ ಸಭಾಧ್ಯಕ್ಷರಾಗಿದ್ದರು. 1962ರಲ್ಲಿ ಹೊಸದುರ್ಗದಲ್ಲಿ ಸೋತ ನಿಜಲಿಂಗಪ್ಪನವರು ಉಪಚುನಾವಣೆಯಲ್ಲಿ ಬಾಗಲಕೋಟೆಯಿಂದಲೇ ಗೆದ್ದು ಮತ್ತೆ ಮುಖ್ಯಮಂತ್ರಿಗಳಾದರು. ಪೀಠ ಜಿಲ್ಲೆಯ ಕೈಯಲ್ಲಿದ್ದಾಗಲೂ ನೀರು ಬೇಗ ಬರಲಿಲ್ಲ. ಬಂದದ್ದು ಬೇರೆ ಬಗೆಯ ಫಲ: ಕಂಠಿಯವರು ಶಿಕ್ಷಣ ಸಚಿವರಾಗಿದ್ದಾಗ, 1963ರ ಸೆಪ್ಟೆಂಬರಿನಲ್ಲಿ, ವಿಜಾಪುರಕ್ಕೆ ಸೈನಿಕ ಶಾಲೆ ಬಂತು. ಒಬ್ಬ ಸಚಿವನ ಇಚ್ಛಾಶಕ್ತಿ ಶಾಲೆಯನ್ನು ತರಬಲ್ಲದು. ಮೂರು ರಾಜ್ಯಗಳ ಹೊಳೆಯನ್ನು ತಿರುಗಿಸಲು ಅದೊಂದೇ ಸಾಲದು.

ಮುಂದಿನ ಕಥೆ ಗೊತ್ತಿರುವುದೇ. 1969ರಲ್ಲಿ ಬಚಾವತ್ ನ್ಯಾಯಾಧಿಕರಣ ರಚನೆಯಾಗಿ, 1973ರಲ್ಲಿ ಕರ್ನಾಟಕಕ್ಕೆ 700 ಟಿ.ಎಂ.ಸಿ. ನೀರನ್ನು ಹಂಚಿತು. ಹಣ ಸಾಲದೆ 1978ರಲ್ಲಿ ವಿಶ್ವಬ್ಯಾಂಕಿನ ನೆರವು ಪಡೆಯಬೇಕಾಯಿತು. 1990ರ ದಶಕದಲ್ಲಿ ಪುನರ್ವಸತಿಯ ಕೊರತೆಯ ಕಾರಣಕ್ಕೆ ಅದೇ ಬ್ಯಾಂಕು ನೆರವನ್ನು ತಡೆಹಿಡಿದದ್ದೂ ಉಂಟು. ಕೆರಿಬಿಯನ್ ದ್ವೀಪಗಳಂತೆ ಇಲ್ಲಿಯೂ ಪಟ್ಟಿ ಒಬ್ಬರದು, ಥೈಲಿ ಇನ್ನೊಬ್ಬರದು. ಮುದ್ದೇಬಿಹಾಳ ತಾಲ್ಲೂಕಿನ ನಾರಾಯಣಪುರ ಅಣೆಕಟ್ಟು 1982ರಲ್ಲಿ ಸಿದ್ಧವಾಗಿ, ಅದರ ಎಡದಂಡೆಯ ನೀರು ಹೆಚ್ಚಾಗಿ ಸುರಪುರ, ಶಹಾಪುರದ ಕಡೆ ಹರಿಯಿತು. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಸ್ಥಾಪನೆಯಾದ ಮೇಲೆ ಕೆಲಸಕ್ಕೆ ವೇಗ ಬಂತು. ಆಲಮಟ್ಟಿ ಅಣೆಕಟ್ಟು ಪೂರ್ಣವಾದದ್ದು 2005ರಲ್ಲಿ. 2006ರ ಆಗಸ್ಟಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು. ಅಡಿಗಲ್ಲಿನಿಂದ ಅರ್ಪಣೆಯವರೆಗೆ 42 ವರ್ಷ. ರಾಜ್ಯೋದಯದಿಂದ ಲೆಕ್ಕ ಹಿಡಿದರೆ 50. ಕೆಳದಂಡೆಯ ನಾಗಾರ್ಜುನ ಸಾಗರದ ಕಾಲುವೆಗಳಿಗೆ ನೀರು ಬಿಟ್ಟದ್ದು 1967ರಲ್ಲಿ.

ಈ ನೀರಿಗಾಗಿ ನೂರಕ್ಕೂ ಹೆಚ್ಚು ಹಳ್ಳಿಗಳು ಮುಳುಗಿದವು. ಹಳೆಯ ಬಾಗಲಕೋಟೆಯ ದೊಡ್ಡ ಭಾಗ ನೀರಿನ ಪಾಲಾಗಿ ನವನಗರ ಎದ್ದಿತು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ನಾರಾಯಣಪುರದ ಹಿನ್ನೀರಿನಿಂದ ಉಳಿಸಲು ಸುತ್ತಲೂ ಬಾವಿಯಂಥ ಗೋಡೆ ಕಟ್ಟಬೇಕಾಯಿತು. ಭೂಮಿ ಕೊಟ್ಟ ಬಾಗೇವಾಡಿ ಸೀಮೆಯ ಸ್ಥಿತಿ ಇನ್ನೂ ವಿಚಿತ್ರ. ಅದರ ಎರೆಹೊಲಗಳ ಬಹುಪಾಲು ಜಲಾಶಯದ ಮಟ್ಟಕ್ಕಿಂತ ಎತ್ತರದಲ್ಲಿದೆ. ಕಾಲುವೆಯ ನೀರು ತಾನಾಗಿ ಹತ್ತುವುದಿಲ್ಲ. ಮುಳವಾಡ, ಚಿಮ್ಮಲಗಿ ಏತ ನೀರಾವರಿ ಯೋಜನೆಗಳು ನೀರನ್ನು ಮೇಲೆತ್ತಿ ಕೆರೆ ತುಂಬಿಸತೊಡಗಿದ ಮೇಲೆಯೇ ಅಣೆಕಟ್ಟಿನ ಮಗ್ಗುಲಿನ ಊರುಗಳಿಗೆ ಅಣೆಕಟ್ಟಿನ ಫಲ ಕಾಣಿಸತೊಡಗಿತು. ಮೊದಲು ಮುಳುಗಿದವರ ನೆರೆಹೊರೆಗೆ ನೀರು ಕೊನೆಗೆ ಬಂತು.

ಹಾಗಾದರೆ 1956ರ ಸರಕಾರದ ಆದ್ಯತೆ ತಪ್ಪಾಗಿತ್ತೇ? ರಾಜ್ಯ ಒಂದಾಗಿ ನಿಲ್ಲದಿದ್ದರೆ ಕೃಷ್ಣೆಯ ವ್ಯಾಜ್ಯದಲ್ಲಿ ವಾದಿಸಲು ಕರ್ನಾಟಕವೆಂಬ ಪಕ್ಷವೇ ಇರುತ್ತಿರಲಿಲ್ಲ. ಮುಂಬಯಿಯ ಮೂಲೆಯ ಜಿಲ್ಲೆಯಾಗಿ ಉಳಿದಿದ್ದರೆ ವಿಜಾಪುರಕ್ಕೆ 700 ಟಿ.ಎಂ.ಸಿ.ಯ ಪಾಲಿನಲ್ಲಿ ಹಕ್ಕಿನ ಮಾತೂ ಇರುತ್ತಿರಲಿಲ್ಲ. ಆ ಅರ್ಥದಲ್ಲಿ ಮೊದಲು ಒಂದಾಗುವುದು, ಆಮೇಲೆ ಉಳಿದದ್ದು ಎಂಬ ಸರದಿ ಸಮರ್ಥನೀಯವೇ. ಆದರೆ ಒಂದಾಗುವುದಕ್ಕಾಗಿ ಯಾರ ಕೈಯಲ್ಲಿದ್ದ ಹಕ್ಕನ್ನು ತಡೆಹಿಡಿಯಲಾಯಿತೋ, ಅದನ್ನು ಬೇಗ ಮರಳಿಸುವ ಹೊಣೆ ಅದೇ ಸರದಿಯೊಳಗೆ ಇರಬೇಕಾಗಿತ್ತು. ಗೇಣಿದಾರನ ಹದಿನೇಳು ವರ್ಷಗಳಿಗೆ ಮೂರು ರಾಜ್ಯಗಳ ವ್ಯಾಜ್ಯ ಕಾರಣವಲ್ಲ; ಅದು ಬೆಂಗಳೂರಿನ ಮೇಜಿನ ಮೇಲೆಯೇ ಇದ್ದ ಕಡತ. ನೀರಿನ ವಿಳಂಬವನ್ನು ಅರ್ಥಮಾಡಿಕೊಳ್ಳಬಹುದು, ಭೂಮಿಯ ವಿಳಂಬವನ್ನು ಕ್ಷಮಿಸುವುದು ಕಷ್ಟ.

ಸೋಮದೇವಸೂರಿ ರಾಜ್ಯಕ್ಕೆ ನಮಸ್ಕರಿಸಿದ್ದು ಅದರ ಫಲವನ್ನು ನೆನೆದು. ವಿಶಾಲ ಮೈಸೂರು 1973ರಲ್ಲಿ ಕರ್ನಾಟಕವೆಂದು ಹೆಸರು ಪಡೆಯುವ ಹೊತ್ತಿಗೆ ಮರ ಗಟ್ಟಿಯಾಗಿ ಬೇರೂರಿತ್ತು. ಡೋಣಿಯ ದಂಡೆಯ ಒಕ್ಕಲಿಗ ಆಗಲೂ ಹಿಂಗಾರಿ ಮಳೆಯ ದಾರಿಯನ್ನೇ ಕಾಯುತ್ತಿದ್ದ. ಆತ ಗೇಣಿಯ ಹೊಲದವನಾಗಿದ್ದರೆ ಮರುವರ್ಷದ ಕಾಯ್ದೆಯನ್ನೂ ಕಾಯಬೇಕಾಗಿತ್ತು. ಏಕೀಕರಣದ ಇತಿಹಾಸವನ್ನು ಬರೆಯುವಾಗ ಹೋರಾಡಿದವರ ಹೆಸರುಗಳ ಪಕ್ಕದಲ್ಲಿ ಹೀಗೆ ಕಾಯ್ದವರ ಲೆಕ್ಕವೂ ಸೇರಬೇಕು.